ಸುರಾಹಿಯ ಬೆಳ್ಳಿ ಗುಲಾಬಿ ಆಗಿದ್ದು ಯಾಕೆ? ಬೀದರಿನ ಒಂದು ಫೋಟೊ ಪ್ರಕರಣ

ಒಂದೇ ಸುರಾಹಿ (ಉದ್ದ ಕತ್ತಿನ ಹೂಜಿ), ಎರಡು ಫೋಟೊ. ಒಂದರಲ್ಲಿ ಅದರ ಮೈ ಕಡುಗಪ್ಪು. ಬಳ್ಳಿಯ ಸಣ್ಣ ಗೆರೆಗಳು ಕತ್ತಲಲ್ಲಿ ಮುಳುಗಿವೆ, ಬೆಳ್ಳಿ ಮಂಕಾಗಿದೆ, ಎಲ್ಲದರ ಮೇಲೂ ತೆಳುವಾಗಿ ನೀಲಿ. ಇನ್ನೊಂದರಲ್ಲಿ ಮೈ ಬೂದಿ, ಬೆಳ್ಳಿ ಉರಿದುಹೋಗಿ ಬರೀ ಬಿಳಿ. ಬೀದರಿನ ಹಳೇ ಊರಲ್ಲಿ, ಚೌಬಾರಾ ಕಡೆ, ಬಿದ್ರಿ ಕೆಲಸ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಕೆಲಸ, ಮಾಡುವ ಒಂದು ಮನೆಯವರು ಈ ಎರಡನ್ನೂ ಆನ್‌ಲೈನ್ ಅಂಗಡಿಗೆ ಹಾಕಿದ್ದರು. ಬೂದಿ ಬಣ್ಣದ್ದನ್ನು ನೋಡಿ ಒಬ್ಬ ಗಿರಾಕಿ ತರಿಸಿಕೊಂಡರು. ಡಬ್ಬಿ ಬಿಚ್ಚಿದರು. ಫೋಟೊದಲ್ಲಿ ಇದ್ದದ್ದು ಇದಲ್ಲ ಅಂತ ವಾಪಸ್ ಕಳಿಸಿದರು.

ಮಾಲಿನಲ್ಲಿ ಏನೂ ದೋಷ ಇರಲಿಲ್ಲ. ಗಿರಾಕಿಯದ್ದೂ ತಪ್ಪಿಲ್ಲ ಅನ್ನಿ. ಬೂದಿ ಬಣ್ಣದ ಸಾಮಾನು ಬರುತ್ತೆ ಅಂತ ಕಾದವರ ಕೈಗೆ ಕಪ್ಪು ಸಾಮಾನು ಬಂದರೆ ಅವರಾದರೂ ಏನು ಮಾಡಬೇಕು?

ಮನೆಯ ಹಿರಿಯರನ್ನು ನಾನು ಚಾಚಾ ಅಂತಲೇ ಕರೆಯುವುದು. ಫೋಟೊ ತೆಗೆಯುವುದು ಅವರ ಮಗ. ಅವನ ಹತ್ತಿರ ಹಳೇ ಡಿಎಸ್‌ಎಲ್‌ಆರ್ ಒಂದಿದೆ, ಜೊತೆಗೆ ಬಂದ ಕಿಟ್ ಲೆನ್ಸ್, ಮೊಬೈಲು, ಲ್ಯಾಪ್‌ಟಾಪ್. ಫೋಟೊಗ್ರಾಫರ್ ಅಂತ ನನ್ನನ್ನು ಕರೆದಾಗ ಒಂದು ಷರತ್ತು ಹಾಕಿದರು. ನಾನು ಬಂದು ಫೋಟೊ ತೆಗೆದುಕೊಟ್ಟು ಹೋಗುವುದಲ್ಲ, ಹುಡುಗನೇ ತೆಗೆಯುವ ಹಾಗಾಗಬೇಕು. ಹೊಸ ಸಾಮಾನು ತಯಾರಾಗುತ್ತಲೇ ಇರುತ್ತದೆ, ಪ್ರತಿ ಸಲ ಫೋಟೊಗ್ರಾಫರನ್ನು ಕರೆಸುವುದು ಆಗದ ಮಾತು. ಈ ಷರತ್ತು ಇದ್ದದ್ದೇ ಒಳ್ಳೆಯದಾಯಿತು. ಇಲ್ಲದಿದ್ದರೆ ನಾನು ಸ್ಟುಡಿಯೋದ ದೊಡ್ಡ ಲೈಟು ತಂದು, ಸಂಜೆ ಹೊತ್ತಿಗೆ ಕೆಲಸ ಮುಗಿಸಿ, ಯಾಕೆ ಹೀಗಾಗಿತ್ತು ಅಂತ ತಿಳಿಯದೆಯೇ ಮನೆಗೆ ಹೋಗುತ್ತಿದ್ದೆ.

ಚಾಚಾ ಲ್ಯಾಪ್‌ಟಾಪ್ ಕಡೆ ಬೆರಳು ತೋರಿಸಿ ಹೇಳಿದ್ದು ಇಷ್ಟೇ: "ನೋಡ್ ಬೇಟಾ, ನಮ್ ಕಪ್ಪು ಹಿಂಗಿಲ್ಲ. ಇದು ತಗಡಿಗೆ ಹೊಗಿ ಹಿಡ್ದಂಗ ಕಾಣ್ಲಾಕತ್ತದ."

ಬಿದ್ರಿ ಕ್ಯಾಮರಾಗೆ ಯಾಕೆ ಕಷ್ಟ

ಬಿದ್ರಿ ಸಾಮಾನಿನ ಮೈ ಸತು ಮತ್ತು ತಾಮ್ರದ ಎರಕ. ಸತುವೇ ಬಹುಪಾಲು, ತಾಮ್ರ ಸ್ವಲ್ಪ. ಅದರ ಮೇಲೆ ಉಳಿಯಿಂದ ಕೊರೆದು, ಆ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನೋ ತೆಳು ತಗಡನ್ನೋ ಬಡಿದು ಕೂರಿಸುತ್ತಾರೆ. ಆಮೇಲೆ ಉಜ್ಜಿ ಸಮ ಮಾಡುತ್ತಾರೆ. ಕೊನೆಗೆ ಕೋಟೆಯ ಹಳೇ ಕಟ್ಟಡಗಳ ಒಳಗಿನ ಮಣ್ಣಿಗೆ ನವಸಾಗರ ಬೆರೆಸಿ, ಬಿಸಿ ಮಾಡಿದ ಸಾಮಾನಿಗೆ ಹಚ್ಚಿದಾಗ ಸತುವಿನ ಮೈ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಮೇಲೆ ಎಣ್ಣೆ ಸವರಿ ಒರೆಸಿದರೆ ಆ ಕಪ್ಪು ಆಳವಾಗುತ್ತದೆ. 2006ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದ್ದು ಈ ಕೆಲಸಕ್ಕೆ. ಇಲ್ಲಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಿದ್ದೂ ಇದೇ ಕೈಚಳಕಕ್ಕೆ.

ಫೋಟೊ ತೆಗೆಯುವವನ ಕಣ್ಣಲ್ಲಿ ನೋಡಿದರೆ ಇದು ಬೇರೆಯೇ ಕಥೆ. ಒಂದು ಕೂದಲೆಳೆಯ ಅಂತರದಲ್ಲಿ ಎರಡು ವಸ್ತು ಕೂತಿವೆ. ಒಂದು ಬಿದ್ದ ಬೆಳಕನ್ನೆಲ್ಲ ನುಂಗುತ್ತದೆ. ಇನ್ನೊಂದು ಬಿದ್ದ ಬೆಳಕಿನಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ವಾಪಸ್ ಎಸೆಯುತ್ತದೆ. ಎರಡೂ ಒಂದೇ ಮಟ್ಟದಲ್ಲಿ ಸಪಾಟಾಗಿವೆ, ಹಾಗಾಗಿ ಬೆಳ್ಳಿಗೊಂದು ಕಪ್ಪಿಗೊಂದು ಅಂತ ಬೇರೆ ಬೇರೆ ಲೈಟು ಹಾಕಲು ಬರುವುದಿಲ್ಲ. ಮದುವೆ ಫೋಟೊದಲ್ಲಿ ಬಿಳಿ ಪಂಚೆ, ಕಪ್ಪು ಕೋಟು ಎರಡನ್ನೂ ಉಳಿಸಿಕೊಳ್ಳಬೇಕು ಅಂತ ಒದ್ದಾಡುತ್ತೇವಲ್ಲ, ಇಲ್ಲಿ ಆ ಪಂಚೆ ಕನ್ನಡಿಯದ್ದು.

ಮೀಟರ್ ಹೇಳಿದ್ದು

ಮೊದಲು ಬೂದಿ ಮತ್ತು ಕಡುಗಪ್ಪಿನ ಜಗಳ ಬಿಡಿಸಿದೆವು. ಹುಡುಗ ಬೂದಿ ಬಂದ ಫೋಟೊವನ್ನು ಕಪ್ಪು ಮಖಮಲ್ ಬಟ್ಟೆಯ ಮೇಲಿಟ್ಟು ತೆಗೆದಿದ್ದ. ಇನ್ನೊಂದನ್ನು ಬಿಳಿ ಚಾದರದ ಮೇಲೆ. ಎರಡೂ ಸಲ ಕ್ಯಾಮರಾ ಆಟೋದಲ್ಲಿತ್ತು. ಉತ್ತರ ಅಲ್ಲೇ ಇದೆ.

ಕ್ಯಾಮರಾದ ಮೀಟರಿಗೆ ಎದುರಿರುವುದು ಸುರಾಹಿಯೋ ಸುಣ್ಣದ ಗೋಡೆಯೋ ಗೊತ್ತಾಗುವುದಿಲ್ಲ. ಎದುರು ಏನೇ ಇರಲಿ, ಅದು ನಡುಮಟ್ಟದ ಬೂದು ಅಂತ ಅಂದುಕೊಂಡು ಲೆಕ್ಕ ಹಾಕುತ್ತದೆ. ಕಪ್ಪು ಬಟ್ಟೆ, ಕಪ್ಪು ಸುರಾಹಿ ಕಂಡರೆ 'ಬೆಳಕು ಸಾಲದು' ಅಂತ ಜಾಸ್ತಿ ಬೆಳಕು ಬಿಡುತ್ತದೆ, ಕಪ್ಪು ಬೂದಿಯಾಗುತ್ತದೆ. ಬಿಳಿ ಚಾದರ ಕಂಡರೆ 'ಬೆಳಕು ಹೆಚ್ಚಾಯ್ತು' ಅಂತ ತಗ್ಗಿಸುತ್ತದೆ, ಚಾದರ ಬೂದಿಯಾಗುತ್ತದೆ, ಸುರಾಹಿ ಮುಳುಗುತ್ತದೆ. ಈಗಿನ ಕ್ಯಾಮರಾಗಳು ಇದಕ್ಕಿಂತ ಬುದ್ಧಿವಂತ ಲೆಕ್ಕವನ್ನೇನೋ ಮಾಡುತ್ತವೆ, ಆದರೆ ಫ್ರೇಮ್ ತುಂಬ ಒಂದೇ ಬಣ್ಣ ಇದ್ದರೆ ಅವೂ ಇದೇ ಹಾದಿ ಹಿಡಿಯುತ್ತವೆ.

ಅಲ್ಲೇ ಪರೀಕ್ಷೆ ಮಾಡಿ ತೋರಿಸಿದೆ. ಸುರಾಹಿ ಪಕ್ಕಕ್ಕಿಟ್ಟು ಒಂದು ಬಿದ್ರಿ ತಟ್ಟೆ ತೆಗೆದುಕೊಂಡೆವು. ಲೆನ್ಸಿನ ತೆರಪು ಎಫ್ 11, ಸೆನ್ಸರಿನ ಸೂಕ್ಷ್ಮತೆ ಐಎಸ್‌ಒ 100. ತಟ್ಟೆಯನ್ನು ಫ್ರೇಮ್ ತುಂಬ ಹಿಡಿದರೆ ಮೀಟರ್ ಸೆಕೆಂಡಿನ 1/5 ಕೇಳಿತು. ತಟ್ಟೆ ಇದ್ದ ಜಾಗದಲ್ಲೇ 18 ಪರ್ಸೆಂಟ್ ಗ್ರೇ ಕಾರ್ಡ್ (ಬಿದ್ದ ಬೆಳಕಿನಲ್ಲಿ ನೂರಕ್ಕೆ 18ರಷ್ಟನ್ನು ವಾಪಸ್ ಕೊಡುವ ಬೂದು ಕಾರ್ಡ್) ಹಿಡಿದರೆ 1/15. ಬೆಳಕು ಅದೇ, ಜಾಗ ಅದೇ. ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು ಅಥವಾ ಅರ್ಧ) ವ್ಯತ್ಯಾಸ ಬಂದದ್ದು ಬರೀ ವಸ್ತುವಿನ ಬಣ್ಣದಿಂದ.

ಮೀಟರುಗಳು ನಿಜಕ್ಕೂ 18ಕ್ಕೆ ಸರಿ ಮಾಡಿದ್ದೋ 12–13ಕ್ಕೋ ಅನ್ನುವ ವಾದ ಫೋಟೊಗ್ರಾಫರುಗಳ ನಡುವೆ ಹಳೆಯದು. ನನಗೆ ಅದರಲ್ಲಿ ಆಸಕ್ತಿ ಇಲ್ಲ. ವ್ಯತ್ಯಾಸ ಅರ್ಧ ಸ್ಟಾಪ್, ಮತ್ತು ಪ್ರತಿ ಸಲ ಒಂದೇ ದಿಕ್ಕಿಗೆ. ಒಮ್ಮೆ ನೋಡಿಕೊಂಡರೆ ಮುಗಿಯಿತು. ಬಟ್ಟೆ ಬದಲಾದ ಕೂಡಲೇ ಮೂರು ಸ್ಟಾಪಿನಷ್ಟು ಅತ್ತಿತ್ತ ಓಡುವ ಆಟೋ ಮುಂದೆ ಅದು ಲೆಕ್ಕಕ್ಕೇ ಇಲ್ಲ.

ಇದಕ್ಕೆ ನಂಬರಿನ ಸಾಕ್ಷಿಯೂ ಸಿಕ್ಕಿತು. ನನ್ನ ಹತ್ತಿರ 24 ಚೌಕಗಳ ಕಲರ್ ಚೆಕರ್ ಕಾರ್ಡ್ ಇದೆ. 1976ರಿಂದ ಬಳಕೆಯಲ್ಲಿರುವ ವಿನ್ಯಾಸ ಅದು, ಮೊದಲು ಮ್ಯಾಕ್‌ಬೆತ್ ಹೆಸರಲ್ಲಿ ಬರುತ್ತಿತ್ತು. ಅದರ ಕೆಳಗಿನ ಸಾಲಿನಲ್ಲಿ ಬಿಳಿಯಿಂದ ಕಪ್ಪಿನವರೆಗೆ ಆರು ಚೌಕ. ಎಸ್‌ಆರ್‌ಜಿಬಿಯಲ್ಲಿ (ಸ್ಕ್ರೀನುಗಳ ಸಾಮಾನ್ಯ ಬಣ್ಣದ ಲೆಕ್ಕ, 0 ಅಂದರೆ ಕಪ್ಪು, 255 ಅಂದರೆ ಬಿಳಿ) ಬಿಳಿ ಚೌಕ ಸುಮಾರು 243 ಬರಬೇಕು, ನಡುವಿನ ಬೂದು 122, ಕಪ್ಪು 52. ಕೆಂಪು, ಹಸಿರು, ನೀಲಿ ಮೂರು ಚಾನೆಲ್‌ನಲ್ಲೂ ಹೆಚ್ಚುಕಡಿಮೆ ಅದೇ ಸಂಖ್ಯೆ. ಬಿದ್ರಿಯ ಕಪ್ಪನ್ನು ಆ ಕಪ್ಪು ಚೌಕದ ಪಕ್ಕ ಹಿಡಿದರೆ ಎರಡೂ ಹತ್ತಿರ ಹತ್ತಿರ. ಅಂದರೆ ಫೋಟೊದಲ್ಲೂ ಅದು ಐವತ್ತರ ಆಸುಪಾಸು ಬರಬೇಕು. ಹುಡುಗನ ಹಳೇ ಫೈಲುಗಳಲ್ಲಿ ಅಳೆದರೆ ಮಖಮಲ್ ಮೇಲಿನದ್ದು 95ರ ಹತ್ತಿರ, ಚಾದರದ ಮೇಲಿನದ್ದು 25ರ ಹತ್ತಿರ. ಚಾಚಾ ಬಾಯಲ್ಲಿ ಹೇಳಿದ್ದನ್ನೇ ಲ್ಯಾಪ್‌ಟಾಪ್ ಅಂಕೆಯಲ್ಲಿ ಹೇಳಿತು.

ಇಲ್ಲಿಗೆ ಎಕ್ಸ್‌ಪೋಶರ್ ಪಾಠ ಮುಗಿಯಿತು ಅನ್ನಬಹುದು. ಮ್ಯಾನ್ಯುವಲ್ ಮೋಡ್, ರಾ ಫೈಲ್ (ಕ್ಯಾಮರಾ ತಿದ್ದದೆ ಉಳಿಸಿದ ಮೂಲ ಫೈಲ್), ಸಾಮಾನಿನ ಜಾಗದಲ್ಲಿ ಕಾರ್ಡ್ ಹಿಡಿದು ಓದಿದ ಬೆಳಕು. ಆಮೇಲೆ ಹಿಂದೆ ಬಿಳಿ ಬಟ್ಟೆ ಹಾಕು, ಕಪ್ಪು ಹಾಕು, ಶಟರ್ ಮುಟ್ಟಬೇಡ. ಹಾಗೆ ಮಾಡಿದಾಗ ಎರಡೂ ಬಟ್ಟೆಯ ಮೇಲೆ ಸುರಾಹಿ ಒಂದೇ ಕಪ್ಪು ಬಂತು. ಸುಲಭದ ಭಾಗ ಇದು.

ಗುಲಾಬಿ ಬೆಳ್ಳಿ

ಕಾರ್ಡಿನ ಬೂದು ಚೌಕದ ಮೇಲೆ ಕ್ಲಿಕ್ ಮಾಡಿ ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣದ ಲೆಕ್ಕ, ಸರಿ ಮಾಡಿದೆವು. ಚೌಕಗಳು ಆರೂ ಸರಿ ಕೂತವು. ಹಿಂದಿನ ಬಟ್ಟೆ ಸರಿ. ಕಪ್ಪು ಸರಿ. ಸುರಾಹಿಯ ಬೆಳ್ಳಿ ಮಾತ್ರ ಎಡಗಡೆ ಗುಲಾಬಿ, ಬಲಗಡೆ ಹಸಿರು.

ಹುಡುಗ ಕೂಡಲೇ ಸ್ಲೈಡರ್ ಹಿಡಿದ. ಗುಲಾಬಿ ಹೋಗುವ ತನಕ ಹಸಿರಿನ ಕಡೆ ಎಳೆದ. ಎಡಗಡೆ ಬೆಳ್ಳಿ ಸರಿಯಾಯಿತು, ಬಲಗಡೆ ಪಾಚಿ ಹಿಡಿಯಿತು, ಚಾದರ ಹಸಿರಾಯಿತು. "ಅಣ್ಣಾ, ಕಾರ್ಡೇ ಸರಿ ಇಲ್ಲೇನೋ" ಅಂದ. ಬಹಳ ಜನ ಇಲ್ಲೇ ಕಾರ್ಡ್ ಎಸೆದು ಕಣ್ಣಂದಾಜಿಗೆ ವಾಪಸ್ ಹೋಗುತ್ತಾರೆ.

ಕಾರ್ಡ್ ಸರಿಯಾಗಿಯೇ ಇತ್ತು. ಅದರ ಮೈ ಮಂಕು. ಸುತ್ತಲಿಂದ ಬರುವ ಬೆಳಕನ್ನೆಲ್ಲ ಕಲಸಿ, ಸರಾಸರಿ ಬಣ್ಣ ಹೇಳುತ್ತದೆ. ಉಜ್ಜಿದ ಬೆಳ್ಳಿ ಹಾಗಲ್ಲ. ಅದರ ಒಂದೊಂದು ಚುಕ್ಕಿಯೂ ಕೋಣೆಯ ಒಂದೊಂದು ಮೂಲೆಯನ್ನು ಮಾತ್ರ ನೋಡಿ, ಅದನ್ನೇ ಕ್ಯಾಮರಾಗೆ ದಾಟಿಸುತ್ತದೆ. ಬೆಳಕು ಬಿದ್ದ ಕೋನದಲ್ಲೇ ಹೊರಟುಹೋಗುತ್ತದೆ ಅಂತ ಶಾಲೆಯಲ್ಲಿ ಓದಿದ್ದು, ಅಷ್ಟೇ. ಹಾಗಾಗಿ ಫೋಟೊದಲ್ಲಿ ಬೆಳ್ಳಿಗೆ ಸ್ವಂತ ಬಣ್ಣ ಅನ್ನುವುದು ಇಲ್ಲವೇ ಇಲ್ಲ ಅನ್ನಬೇಕು. ಅದರ ಎದುರಿಗೆ ಏನಿದೆಯೋ ಅದರ ಬಣ್ಣ.

ಕೋಣೆಯನ್ನು ನೋಡಿದೆವು. ಎಡಗಡೆ ಬಾಗಿಲು. ಬಾಗಿಲಾಚೆ ಸಣ್ಣ ಓಣಿ, ಓಣಿಯಾಚೆ ಕೆಂಪು ಕಲ್ಲಿನ ಗೋಡೆ. ಬೀದರಿನ ನೆಲವೇ ಜಂಬಿಟ್ಟಿಗೆ, ಹಳೇ ಊರಲ್ಲಿ ಎತ್ತ ತಿರುಗಿದರೂ ಆ ಕೆಂಪು ಕಣ್ಣಿಗೆ ಬೀಳುತ್ತದೆ. ಬೆಳಗಿನ ಬಿಸಿಲು ಆ ಗೋಡೆಗೆ ಬಿದ್ದು, ಕೆಂಪಾಗಿ ಒಳಗೆ ಬರುತ್ತಿತ್ತು. ಬಲಗಡೆ ಕೋಣೆಯ ಗೋಡೆಗೆ ಪಿಸ್ತಾ ಹಸಿರು ಡಿಸ್ಟೆಂಪರ್. ಮೇಲೆ ಎಲ್‌ಇಡಿ ಟ್ಯೂಬ್. ಗುಲಾಬಿ ಎಲ್ಲಿಂದ ಬಂತು, ಹಸಿರು ಎಲ್ಲಿಂದ ಬಂತು ಅಂತ ಇನ್ನು ಬಿಡಿಸಿ ಹೇಳಬೇಕಿಲ್ಲ.

ಆದರೂ ಒಂದು ಅನುಮಾನ ಉಳಿಯುತ್ತದೆ. ಬೆಳ್ಳಿಯೇ ಬಣ್ಣಗೆಟ್ಟಿದ್ದರೆ? ಗಾಳಿಯಲ್ಲಿನ ಗಂಧಕದ ಅಂಶಕ್ಕೆ ಬೆಳ್ಳಿ ಹಳದಿಗೆ, ಕಂದಿಗೆ ತಿರುಗುವುದುಂಟು. ಅದನ್ನು ಬೇರ್ಪಡಿಸಲು ದುಬಾರಿ ಉಪಕರಣ ಏನೂ ಬೇಡ. ಸಾಮಾನನ್ನು ನಿಂತ ಜಾಗದಲ್ಲೇ ಮೆಲ್ಲಗೆ ತಿರುಗಿಸಬೇಕು. ಸುರಾಹಿ ತಿರುಗಿಸಿದಾಗ ಅಶರ್ಫಿ ಬೂಟಿ ಅನ್ನುವ ವಿನ್ಯಾಸದ ಹೂವುಗಳು ಒಂದೊಂದಾಗಿ ಬಾಗಿಲ ಕಡೆ ಬಂದು ಗುಲಾಬಿಯಾದವು, ದಾಟಿದ ಮೇಲೆ ಬೆಳ್ಳಗಾದವು, ಗೋಡೆ ಕಡೆ ಹೋಗಿ ಹಸಿರಾದವು. ಬಣ್ಣದ ಪಟ್ಟಿ ಮಾತ್ರ ಅಲ್ಲಾಡಲಿಲ್ಲ. ಆಮೇಲೆ ಚಾಚಾ ಒಳಗಿನಿಂದ ಒಂದು ಹಳೇ ಪಾನ್‌ದಾನ್ (ಎಲೆ ಅಡಿಕೆ ಡಬ್ಬಿ) ತಂದರು. ಅದರ ಮುಚ್ಚಳದ ಅಂಚಿನಲ್ಲಿ ಇದ್ದ ಹಳದಿ ಮಚ್ಚೆ ಮುಚ್ಚಳದ ಜೊತೆಗೇ ತಿರುಗಿತು. ಅದು ಲೋಹದ್ದು. ಅದನ್ನು ಫೋಟೊದಲ್ಲಿ ತೆಗೆದುಹಾಕಿದರೆ ಗಿರಾಕಿಗೆ ಮೋಸ ಮಾಡಿದ ಹಾಗೆ.

ಈ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದೇ. ಇಡೀ ಬೆಳಕಿಗೆ ಒಂದೇ ಬಣ್ಣ ಇದ್ದರೆ, ಅದು ಹಳದಿಯೋ ನೀಲಿಯೋ, ಗ್ರೇ ಕಾರ್ಡ್ ಸರಿ ಮಾಡುತ್ತದೆ. ಒಂದು ಮೂಲೆಯಿಂದ ಮಾತ್ರ ಬರುವ ಬಣ್ಣವನ್ನು ಯಾವ ಕಾರ್ಡೂ ಸರಿ ಮಾಡದು. ಅದಕ್ಕೆ ಆ ಮೂಲೆಯನ್ನೇ ಮುಚ್ಚಬೇಕು.

ನೀಲಿ ಎಲ್ಲಿಂದ ಬಂತು

ಮೊದಲ ಫೋಟೊದ ನೀಲಿ ಇನ್ನೂ ಉಳಿದಿತ್ತು. ಅದಕ್ಕೆ ಕೋಣೆಯಲ್ಲಿ ಕಾರಣ ಸಿಗಲಿಲ್ಲ. ಟ್ಯೂಬ್ 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಅಂಕೆ ಹೆಚ್ಚಿದಷ್ಟೂ ನೀಲಿ) ಬೆಳಕಿನದ್ದು, ನಿಜ. ಆದರೆ ಅದೇ ಟ್ಯೂಬಿನ ಕೆಳಗೆ ತೆಗೆದ ಬೇರೆ ಫೋಟೊಗಳು ನೀಲಿ ಇರಲಿಲ್ಲ.

ಫೈಲುಗಳ ಸಮಯ ನೋಡಿದೆವು. ಹಗಲು ಎಡಿಟ್ ಮಾಡಿದ್ದೆಲ್ಲ ಸುಮಾರಾಗಿ ಸರಿ ಇವೆ. ರಾತ್ರಿ ಎಡಿಟ್ ಮಾಡಿದ್ದೆಲ್ಲ ನೀಲಿ. ಹುಡುಗ ಅಂಗಡಿ ಮುಚ್ಚಿ, ಊಟ ಮುಗಿಸಿ ಲ್ಯಾಪ್‌ಟಾಪ್ ಹಿಡಿಯುತ್ತಾನೆ. ಅದರಲ್ಲಿ ಕಣ್ಣಿಗೆ ತಂಪಾಗಲಿ ಅಂತ ನೈಟ್ ಲೈಟ್ ಹಾಕಿಟ್ಟಿದ್ದಾನೆ. ಸೂರ್ಯ ಮುಳುಗಿದ ಮೇಲೆ ಸ್ಕ್ರೀನ್ ತಾನಾಗಿಯೇ ಹಳದಿಗೆ ತಿರುಗುತ್ತದೆ. ಹಳದಿ ಸ್ಕ್ರೀನಿನಲ್ಲಿ ಚಾದರ ಹಳದಿ ಕಂಡಿದೆ, ಬಿಳಿ ಕಾಣುವ ತನಕ ನೀಲಿ ಸುರಿದಿದ್ದಾನೆ. ಬೆಳಗ್ಗೆ ಗಿರಾಕಿಯ ಮೊಬೈಲಿನಲ್ಲಿ ಉಳಿದದ್ದು ಆ ನೀಲಿ. ಪಾಪ, ತನ್ನ ಕಣ್ಣಿಗೆ ಅವನು ನಿಯತ್ತಾಗಿಯೇ ಇದ್ದ.

ಇದಕ್ಕೆ ಮದ್ದು ಚಿಕ್ಕದು. ನೈಟ್ ಲೈಟ್ ಆಫ್. ಸ್ಕ್ರೀನ್ ಬ್ರೈಟ್‌ನೆಸ್ ಪೂರ್ತಿ ಇಟ್ಟಿದ್ದನ್ನು ಇಳಿಸಿದೆವು. ಪೂರ್ತಿ ಬೆಳಗುವ ಸ್ಕ್ರೀನಿನಲ್ಲಿ ಕಪ್ಪಿನೊಳಗಿನ ಗೆರೆಗಳು ಚೆನ್ನಾಗಿ ಕಾಣುತ್ತವೆ, ಬೇರೆಯವರ ಸ್ಕ್ರೀನಿನಲ್ಲಿ ಅವೇ ಗೆರೆ ಮಾಯ. ಸ್ಕ್ರೀನಿನ ಮೇಲೆ ಕೂರಿಸಿ ಬಣ್ಣ ಅಳೆಯುವ ಕ್ಯಾಲಿಬ್ರೇಟರ್ ನನ್ನ ಹತ್ತಿರ ಇತ್ತು. 6500 ಕೆಲ್ವಿನ್, ಗಾಮಾ (ಕಪ್ಪಿನಿಂದ ಬಿಳಿಗೆ ಬೆಳಕು ಏರುವ ರೀತಿ) 2.2, ಬೆಳಕು ಚದರ ಮೀಟರಿಗೆ 120 ಕ್ಯಾಂಡೆಲಾ ಅಂತ ಇಟ್ಟು ಪ್ರೊಫೈಲ್ ಮಾಡಿಕೊಟ್ಟೆ. ಅಗ್ಗದ ಲ್ಯಾಪ್‌ಟಾಪ್, ಎಲ್ಲ ಬಣ್ಣ ತೋರಿಸುವ ತಾಕತ್ತು ಅದಕ್ಕಿಲ್ಲ. ಆದರೆ ನಮಗೆ ಬೇಕಿರುವುದು ಕಪ್ಪು, ಬಿಳಿ, ಬೂದು. ಅಷ್ಟನ್ನು ಸರಿಯಾಗಿ ತೋರಿಸಿದರೆ ಸಾಕು. ಕ್ಯಾಲಿಬ್ರೇಟರ್ ಇಲ್ಲದವರು ಕಣ್ಣನ್ನು ಬಿಟ್ಟು ಅಂಕೆ ನಂಬಬಹುದು. ಬೂದು ಚೌಕ ಮೂರೂ ಚಾನೆಲ್‌ನಲ್ಲಿ 122ರ ಸುತ್ತ ಇದೆಯಾ, ಹಾಗಾದರೆ ಸ್ಕ್ರೀನ್ ಏನು ಬೇಕಾದರೂ ತೋರಿಸಿಕೊಳ್ಳಲಿ.

ಹೀಗೆ ಒಂದೇ ದೂರಿನ ಹಿಂದೆ ಮೂರು ಕಾರಣ ಇದ್ದವು. ಮೀಟರ್, ಕೋಣೆ, ಸ್ಕ್ರೀನ್. ಹುಡುಗ ಮೂರನ್ನೂ ಒಂದೇ ಸ್ಲೈಡರಿನಿಂದ ಸರಿ ಮಾಡಲು ಹೋಗುತ್ತಿದ್ದ.

ಥರ್ಮಾಕೋಲ್ ಗೂಡು

ಮೊದಲು ಟ್ಯೂಬ್ ಆರಿಸಿದೆವು. ಕಿಟಕಿಯ ಬೆಳಕಿಗೆ ಟ್ಯೂಬಿನ ಬೆಳಕು ಸೇರಿದರೆ ಎರಡು ಬಣ್ಣ ಕಲಸಿ ನಿಲ್ಲುತ್ತದೆ. ಅಗ್ಗದ ಎಲ್‌ಇಡಿಯಲ್ಲಿ ಹಸಿರಿನ ಕಡೆ ವಾಲುವ ಚಾಳಿಯೂ ಇರುತ್ತದೆ. ಕೆಲವು ಟ್ಯೂಬುಗಳು ಕಣ್ಣಿಗೆ ಕಾಣದ ಹಾಗೆ ಮಿಣುಕುತ್ತವೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಸೆಕೆಂಡಿಗೆ 100 ಸಲ. ಶಟರ್ ಜೋರಾದರೆ ಫೋಟೊದಲ್ಲಿ ಅಡ್ಡಪಟ್ಟಿ ಬರುತ್ತದೆ.

ಬಾಗಿಲ ಹತ್ತಿರದ ಜಾಗ ಬಿಟ್ಟು ಒಳಗಿನ ಉತ್ತರದ ಕಿಟಕಿಗೆ ಬಂದೆವು. ಅಲ್ಲಿ ನೇರ ಬಿಸಿಲು ಬೀಳುವುದಿಲ್ಲ, ಎದುರಿಗೆ ಆಕಾಶ ಮಾತ್ರ. ಕಿಟಕಿಗೆ ಬಟರ್ ಪೇಪರ್ ಅಂಟಿಸಿದೆವು. ಬೆಳಕು ಹರಡಿ ಮೆತ್ತಗಾಯಿತು. ಬಟರ್ ಪೇಪರಿಗೆ ತನ್ನದೇ ತೆಳು ಹಳದಿ ಇದೆ, ಚಿಂತೆ ಇಲ್ಲ. ಎಲ್ಲ ಬೆಳಕೂ ಅದನ್ನೇ ದಾಟಿ ಬರುವುದರಿಂದ ಕಾರ್ಡ್ ಅದನ್ನು ನೋಡಿಕೊಳ್ಳುತ್ತದೆ.

ಮೂರು ಕಡೆ, ಮೇಲೂ ಸೇರಿಸಿ, ಬಿಳಿ ಥರ್ಮಾಕೋಲ್ ಹಲಗೆ ನಿಲ್ಲಿಸಿದೆವು. ಮೊದಲು ಮನೆಯವರು ಒಗೆದಿಟ್ಟಿದ್ದ ಬಿಳಿ ಪಂಚೆ ಕಟ್ಟೋಣ ಅಂದರು. ನಾನು ಬೇಡ ಅಂದೆ. ನೀಲಿ ಹಾಕಿ ಒಗೆದ ಬಟ್ಟೆ, ಸೋಪಿನ ಪುಡಿಯ ಹೊಳಪು ಹಿಡಿದ ಬಟ್ಟೆ ಕಣ್ಣಿಗೆ ಬೆಳ್ಳಗೆ ಕಂಡರೂ ನೀಲಿಯನ್ನು ಎಸೆಯುತ್ತದೆ, ಬೆಳ್ಳಿ ಅದನ್ನೂ ಹಿಡಿಯುತ್ತದೆ. ಜೆರಾಕ್ಸ್ ಪೇಪರಿನದ್ದೂ ಅದೇ ಕಥೆ, ಅದನ್ನು ಕಾರ್ಡಿನ ಬದಲಿಗೆ ಬಳಸುವುದು ಸರಿಯಲ್ಲ. ಕಾರ್ಡ್ ಕೊಳ್ಳಲು ಆಗದವರಿಗೆ ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪ್ ಇದೆಯಲ್ಲ, ಅದನ್ನು ನಾಲ್ಕಾರು ಪದರ ಸುತ್ತಿದ ತುಂಡು ಅದಕ್ಕಿಂತ ಎಷ್ಟೋ ವಾಸಿ. ಆ ಬಿಳಿಯಲ್ಲಿ ಯಾವ ಬಣ್ಣದ ಕಡೆಗೂ ವಾಲಿಕೆ ಇರುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ.

ಸುರಾಹಿಯನ್ನು ಗೂಡಿನಲ್ಲಿಟ್ಟು ತೆಗೆದೆವು. ಗುಲಾಬಿ ಹೋಯಿತು, ಹಸಿರು ಹೋಯಿತು. ಬೆಳ್ಳಿ ಪೂರ್ತಿ ಬಿಳಿ.

ಚಾಚಾಗೆ ಹಿಡಿಸಲಿಲ್ಲ. "ಇದು ಬೆಳ್ಳಿ ಅಲ್ಲ, ಪೇಂಟ್ ಹಚ್ಚಿದಂಗದ" ಅಂದರು. ಅವರು ಹೇಳಿದ್ದು ಸರಿ. ಬಣ್ಣ ಸರಿ ಇದೆ, ಲೋಹ ಇಲ್ಲ. ಲೋಹ ಲೋಹದಂತೆ ಕಾಣಬೇಕಾದರೆ ಅದರಲ್ಲಿ ಬೆಳಕೂ ಇರಬೇಕು, ಕತ್ತಲೂ ಇರಬೇಕು. ನಾಲ್ಕೂ ಕಡೆ ಬಿಳಿ ನಿಲ್ಲಿಸಿ ನಾವು ಕತ್ತಲನ್ನೇ ಓಡಿಸಿದ್ದೆವು. ಕಪ್ಪು ಚಾರ್ಟ್ ಪೇಪರಿನಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ಎಡಗಡೆ ಹಲಗೆಗೆ ಉದ್ದಕ್ಕೆ ಅಂಟಿಸಿದೆ. ಸುರಾಹಿಯ ಹೊಟ್ಟೆಯ ಮೇಲೆ ಒಂದು ತೆಳು ನೆರಳು ಇಳಿಯಿತು, ಬೂಟಿಗಳಿಗೆ ಅಂಚು ಬಂತು. ಪಟ್ಟಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸು, ಮುಂದಕ್ಕೆ ತಾ ಅಂತ ಚಾಚಾ ಕೂತಲ್ಲಿಂದಲೇ ಹೇಳುತ್ತಿದ್ದರು. ಉಳಿ ಹಿಡಿದ ಕೈ, ಎಲ್ಲಿ ಗೆರೆ ಏಳಬೇಕು ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಬಣ್ಣಕ್ಕೆ ಅಂಕೆ ಇದೆ. ಇದಕ್ಕೆ ಇಲ್ಲ.

ಎಕ್ಸ್‌ಪೋಶರಿನಲ್ಲಿ ಒಂದು ಸಣ್ಣ ತಿದ್ದುಪಡಿ ಬೇಕಾಯಿತು. ಬೆಳ್ಳಿ ಥರ್ಮಾಕೋಲನ್ನು ತೋರಿಸಿದರೆ ಅದರ ಬಿಳಿ ಹದವಾಗಿ ಬರುತ್ತದೆ. ಕಿಟಕಿಯನ್ನೇ ತೋರಿಸಿದರೆ ಉರಿದುಹೋಗುತ್ತದೆ, ಕಿಟಕಿ ಹಲಗೆಗಿಂತ ಎಷ್ಟೋ ಪಟ್ಟು ಪ್ರಖರ. ಹಾಗಾಗಿ ಸಾಮಾನನ್ನು ಸ್ವಲ್ಪ ತಿರುಗಿಸಿ, ದೊಡ್ಡ ಹೂವುಗಳು ಹಲಗೆಯ ಕಡೆ ನೋಡುವಂತೆ ಇಡಬೇಕು. ಸುರಾಹಿ ದುಂಡಗಿದೆ, ಎಲ್ಲೋ ಒಂದು ಕಡೆ ಕಿಟಕಿ ಹೊಳೆದೇ ಹೊಳೆಯುತ್ತದೆ. ಅಲ್ಲಿ ಒಂದು ಚುಕ್ಕಿ ಉರಿದರೆ ಉರಿಯಲಿ. ಎಲೆಯೇ ಪೂರ್ತಿ ಉರಿದು, ಅದರೊಳಗಿನ ಉಳಿಯ ಗೀರು ಅಳಿಸಿಹೋದರೆ ಮಾತ್ರ ಶಟರ್ ಒಂದು ಹಲ್ಲು ಏರಿಸಬೇಕು. ಕ್ಯಾಮರಾದ ಹಿಂದೆ ಕಾಣುವ ಹಿಸ್ಟೋಗ್ರಾಮ್ (ಎಷ್ಟು ಕಪ್ಪು, ಎಷ್ಟು ಬಿಳಿ ಅಂತ ತೋರಿಸುವ ನಕ್ಷೆ) ಜೆಪೆಗ್ ಲೆಕ್ಕದ್ದು. ಅದು ಉರಿಯಿತು ಅಂದರೂ ರಾ ಫೈಲಿನಲ್ಲಿ ಇನ್ನೂ ಸ್ವಲ್ಪ ಉಳಿದಿರುತ್ತದೆ.

ತಟ್ಟೆಯ ಸಮಸ್ಯೆ

ಚಪ್ಪಟೆ ತಟ್ಟೆ ಸುರಾಹಿಗಿಂತ ಸುಲಭ ಅಂದುಕೊಂಡಿದ್ದರು. ಅಲ್ಲ. ತಟ್ಟೆಯಲ್ಲಿ ಬೆಳ್ಳಿ ಬಿಳಿ ಬರಬೇಕಾದರೆ ಇಡೀ ತಟ್ಟೆ ಬಿಳಿ ಹಲಗೆಯ ಕಡೆ ನೋಡಬೇಕು. ಆಗ ಕಪ್ಪಿನ ಮೇಲಿನ ಎಣ್ಣೆಯ ಪೊರೆಯೂ ಅದೇ ಹಲಗೆಯನ್ನು ತೋರಿಸುತ್ತದೆ. ನೇರವಾಗಿ ನೋಡಿದರೆ ಎಣ್ಣೆ ವಾಪಸ್ ಕೊಡುವುದು ನೂರಕ್ಕೆ ಸುಮಾರು ನಾಲ್ಕು. ಕಡಿಮೆ ಅನ್ನಿಸಬಹುದು. ಆದರೆ ಕಪ್ಪು ತಾನೇ ಕೊಡುವುದೂ ಹತ್ತಿರಹತ್ತಿರ ಅಷ್ಟೇ. ಎರಡೂ ಸೇರಿದರೆ ಕಪ್ಪು ದುಪ್ಪಟ್ಟು ಬೆಳಗಾಯಿತು, ಅಂದರೆ ಮತ್ತೆ ಬೂದಿ.

ಇಲ್ಲಿ ಪೋಲರೈಸರ್, ಅಂದರೆ ಕೆಲವು ಬಗೆಯ ಹೊಳಪನ್ನು ತಡೆಯುವ ಲೆನ್ಸಿನ ಫಿಲ್ಟರ್, ಕೈ ಹಿಡಿಯಿತು. ಲೋಹದ ಹೊಳಪಿನ ಮೇಲೆ ಪೋಲರೈಸರ್ ಆಟ ಅಷ್ಟಾಗಿ ನಡೆಯುವುದಿಲ್ಲ ಅಂತ ಎಲ್ಲರೂ ದೂರುತ್ತಾರೆ. ನಮಗೆ ಬೇಕಾದದ್ದು ಅದೇ. ಎಣ್ಣೆ, ನೀರು, ಗಾಜಿನ ಹೊಳಪನ್ನು ಅದು ತಡೆಯುತ್ತದೆ, ಬೆಳ್ಳಿಯದ್ದನ್ನು ಬಿಡುತ್ತದೆ. ತಟ್ಟೆಗೆ ನೆಟ್ಟಗೆ ಮೇಲಿನಿಂದ ನೋಡದೆ, ಲಂಬದಿಂದ 55 ಡಿಗ್ರಿ ಆಸುಪಾಸು ವಾಲಿಸಿ ಕ್ಯಾಮರಾ ಇಟ್ಟು, ಎದುರಿಗೆ ಅಷ್ಟೇ ವಾಲಿಸಿ ಹಲಗೆ ನಿಲ್ಲಿಸಿ, ಫಿಲ್ಟರ್ ತಿರುಗಿಸುತ್ತಾ ಹೋದರೆ ಒಂದು ಜಾಗದಲ್ಲಿ ಕಪ್ಪಿನ ಮೇಲಿನ ಮಸುಕು ಸರಕ್ಕನೆ ಇಳಿಯುತ್ತದೆ. ಬೆಳ್ಳಿ ಇದ್ದ ಹಾಗೇ ಇರುತ್ತದೆ. ಹುಡುಗ ಅದನ್ನು ಹಿಂದೆ ಮುಂದೆ ತಿರುಗಿಸಿ ತಿರುಗಿಸಿ ನೋಡಿದ. ಫಿಲ್ಟರ್ ಒಂದೂವರೆ, ಎರಡು ಸ್ಟಾಪ್ ಬೆಳಕು ತಿನ್ನುತ್ತದೆ, ಹಾಗಾಗಿ ಅದನ್ನು ಹಾಕಿದ ಮೇಲೆ, ಅದೇ ಕೋನದಲ್ಲಿ, ಕಾರ್ಡನ್ನು ಇನ್ನೊಮ್ಮೆ ತೆಗೆದುಕೊಳ್ಳಬೇಕು. ನೆಟ್ಟಗೆ ಮೇಲಿನಿಂದ ತೆಗೆಯುವ ಫೋಟೊಗೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಕಪ್ಪನ್ನು ಸ್ವಲ್ಪ ಬಿಟ್ಟುಕೊಡಲೇಬೇಕು.

ಹುಡುಗನ ಕೈಗೆ ಬಿಟ್ಟದ್ದು

ಗೂಡು ಅಲ್ಲೇ ಇದೆ. ಕಿಟಕಿ ಬೆಳಕು ಮೋಡಕ್ಕೆ, ಹೊತ್ತಿಗೆ ಬದಲಾಗುತ್ತದೆ, ಆದ್ದರಿಂದ ಪ್ರತಿ ಸಾಮಾನಿಗೂ ಮೊದಲ ಫ್ರೇಮಿನಲ್ಲಿ ಕಾರ್ಡ್ ಇಡುವುದು ಅಭ್ಯಾಸ ಆಗಿದೆ. ನಡುವೆ ಮೋಡ ಬಂದರೆ ಇನ್ನೊಮ್ಮೆ. 24 ಚೌಕದಲ್ಲಿ ಬಿದ್ರಿಗೆ ಬೇಕಾದದ್ದು ಕೆಳಗಿನ ಸಾಲು ಮಾತ್ರ. ಉಡುಗೊರೆ ಡಬ್ಬಿಯ ಮರೂನ್ ಮಖಮಲ್ ತೆಗೆಯುವಾಗಷ್ಟೇ ಮೇಲಿನ ಬಣ್ಣಗಳು ಕೆಲಸಕ್ಕೆ ಬರುತ್ತವೆ.

ಮೊಬೈಲಿನಲ್ಲಿ ತೆಗೆಯುವುದನ್ನು ನಿಲ್ಲಿಸಿ ಅಂತ ನಾನು ಹೇಳಲಿಲ್ಲ. ವಾಟ್ಸಾಪಿನಲ್ಲಿ ಗಿರಾಕಿ 'ಈಗಲೇ ಕಳಿಸಿ' ಅಂದರೆ ಗೂಡು, ಕಾರ್ಡು ಅಂತ ಕೂರಲು ಆಗುವುದಿಲ್ಲ ಅಲ್ವಾ. ಆದರೆ ಮೊಬೈಲು ಹಲವು ಫ್ರೇಮ್ ಸೇರಿಸಿ ನೆರಳನ್ನು ತಾನಾಗಿಯೇ ಎತ್ತುತ್ತದೆ, ಬಿದ್ರಿಯ ಕಪ್ಪು ಅದಕ್ಕೆ ನೆರಳೇ. ಅದಕ್ಕೇ ಪ್ರೊ ಮೋಡಿನಲ್ಲಿ ಐಎಸ್‌ಒ, ಶಟರ್, ಕೆಲ್ವಿನ್ ಮೂರನ್ನೂ ಕೈಯಿಂದ ಇಟ್ಟು ತೆಗೆಯುತ್ತಾನೆ. ಕಳಿಸುವ ಫೈಲ್ ಯಾವುದೇ ಇರಲಿ, ಎಸ್‌ಆರ್‌ಜಿಬಿಯಲ್ಲೇ ಇರುತ್ತದೆ.

ಮೇಳಕ್ಕೆ ಅಂತ ಒಂದು ಬ್ರೋಶರ್ ಅಚ್ಚು ಹಾಕಿಸಿದಾಗ ಪ್ರೆಸ್ಸಿನಲ್ಲಿ ಹಿಂದಿನ ಬಣ್ಣಕ್ಕೆ ಬರೀ ಕಪ್ಪು ಇಂಕು ಇಟ್ಟಿದ್ದರು. ಪ್ರೂಫಿನಲ್ಲಿ ಅದು ಸ್ಲೇಟಿನ ಬಣ್ಣ ಬಂತು. ಕಪ್ಪಿನ ಜೊತೆ ಉಳಿದ ಮೂರು ಇಂಕನ್ನೂ ಬೆರೆಸಿ, 60-40-40-100 (ಸಯಾನ್, ಮಜೆಂತಾ, ಹಳದಿ, ಕಪ್ಪು) ಲೆಕ್ಕದಲ್ಲಿ ಹಾಕಿಸಿದ ಮೇಲೆ ಆಳ ಬಂತು.

ವಾಪಸ್ ಬಂದ ಸುರಾಹಿಯನ್ನು ಹೊಸದಾಗಿ ತೆಗೆದು ಅಂಗಡಿಗೆ ಹಾಕಿದ್ದಾರೆ. ಬಿಳಿ ಬಟ್ಟೆಯ ಮೇಲೊಂದು, ಕಪ್ಪಿನ ಮೇಲೊಂದು. ಎರಡರಲ್ಲೂ ಮೈ 50ರಿಂದ 55ರ ನಡುವೆ ಇದೆ. ನೋಡುವವರ ಮೊಬೈಲಿನಲ್ಲಿ ವಿವಿಡ್ ಮೋಡ್ ಇದ್ದರೆ ಅದಕ್ಕೆ ನಾವೇನೂ ಮಾಡಲಾಗದು. ಹಾಗಾಗಿ ಸುರಾಹಿಯನ್ನು ಕೈಯಲ್ಲಿ ಹಿಡಿದು ತಿರುಗಿಸುವ ಒಂದು ಚಿಕ್ಕ ವಿಡಿಯೋ ಜೊತೆಗೆ ಹಾಕುತ್ತಾರೆ. ಕೈಯ ಬಣ್ಣ ಎಲ್ಲರಿಗೂ ಗೊತ್ತಿರುವುದರಿಂದ ಕಪ್ಪು ಎಷ್ಟು ಕಪ್ಪು ಅಂತ ನೋಡುವವರೇ ಅಂದಾಜು ಮಾಡಿಕೊಳ್ಳುತ್ತಾರೆ. ಆಳೆತ್ತರದ ಹೂದಾನಿಗಳು ಮಾತ್ರ ಇನ್ನೂ ಬಾಕಿ. ಅವು ಗೂಡಿನಲ್ಲಿ ಹಿಡಿಯುವುದಿಲ್ಲ. ನೀಲಿ ಹಾಕದ ಹೊಸ ಮಲ್ ಬಟ್ಟೆ ತಂದು ಪಡಸಾಲೆಗೆ ಕಟ್ಟಬೇಕು, ಮಳೆಗಾಲ ಮುಗಿದ ಮೇಲೆ ಮಾಡೋಣ ಅಂದಿದ್ದಾರೆ.